ಆರು ದಿನ, ಇಪ್ಪತ್ತು ಸಾವಿರ ಡಾಲರ್: ಎಡ್ಗರ್ ಉಲ್ಮರ್ ಬದುಕು ಮತ್ತು ಒಂದು ಲಾಭದ ಸುಳ್ಳು

ನನ್ನ ಶೆಲ್ಫಿನಲ್ಲಿ ಒಂದೇ ಸಿನಿಮಾದ ಏಳು ಪ್ರತಿಗಳಿವೆ. ಎರಡು ವಿಎಚ್‌ಎಸ್ ಕ್ಯಾಸೆಟ್, ನಾಲ್ಕು ಡಿವಿಡಿ, ಒಂದು ಬ್ಲೂ-ರೇ. ಸಿನಿಮಾ ಹೆಸರು 'ಡೀಟೂರ್', 1945ರದ್ದು, ಕಪ್ಪು-ಬಿಳುಪು, 68 ನಿಮಿಷದ ಅಗ್ಗದ ಅಮೆರಿಕನ್ ಕ್ರೈಮ್ ಕಥೆ. ಮನೆಗೆ ಬಂದ ಗೆಳೆಯರು ಏಳು ಯಾಕೆ ಅಂತ ಕೇಳ್ತಾರೆ. ಕ್ಯಾಸೆಟ್, ಡಿಸ್ಕ್ ಕಲೆಹಾಕುವವರಿಗೆ ಈ ಪ್ರಶ್ನೆ ಅರ್ಥವೇ ಆಗಲ್ಲ. ಏಳೂ ಬೇರೆ ಬೇರೆ. ಒಂದರಲ್ಲಿ ನಾಯಕನ ಮುಖ ಹಾಲಿನಲ್ಲಿ ಅದ್ದಿದ ಹಾಗೆ ಬಿಳುಚಿದೆ, ಇನ್ನೊಂದರಲ್ಲಿ ರಾತ್ರಿಯ ದೃಶ್ಯ ಪೂರ್ತಿ ಟಾರು, ಮತ್ತೊಂದರಲ್ಲಿ ಮಾತಿನ ಮಧ್ಯೆ ಮೂರು ಪದ ಮಾಯ.

ಆದರೆ ಡಬ್ಬಿಯ ಹಿಂಬದಿ ಬರಹ ಮಾತ್ರ ಬಹುತೇಕ ಎಲ್ಲದರಲ್ಲೂ ಒಂದೇ. ನಿರ್ದೇಶಕ ಎಡ್ಗರ್ ಜಿ. ಉಲ್ಮರ್ ಈ ಚಿತ್ರವನ್ನು ಆರೇ ದಿನದಲ್ಲಿ, ಇಪ್ಪತ್ತು ಸಾವಿರ ಡಾಲರಿನಲ್ಲಿ ಮುಗಿಸಿದ ಅನ್ನೋದು ಅದರ ಸಾರ. ಬಡತನದಲ್ಲಿ ಅರಳಿದ ಪ್ರತಿಭೆ! ನಮ್ಮ ಸ್ಟಾರ್ಟಪ್ ಭಾಷಣಗಳಲ್ಲಿ ಬರುವ ಗ್ಯಾರೇಜ್ ಕಥೆಯ ಹಾಗೇ ಇದೂ ಚೆನ್ನಾಗಿ ಮಾರಾಟವಾಗುತ್ತೆ. ತೊಂದರೆ ಏನಂದ್ರೆ, ಅದು ನಿಜವಲ್ಲ. ನಿಜ ಏನು ಅಂತ ತಿಳಿಯಬೇಕಾದರೆ ಈ ಮನುಷ್ಯನ ಬದುಕನ್ನು ನೋಡಬೇಕು. ಆತನಿಗೆ ಬಜೆಟ್ ಸಿಗದೆ ಹೋದದ್ದು ಕಲೆಯ ಆಯ್ಕೆಯಿಂದಲ್ಲ. ಮಾಲೀಕನೊಬ್ಬನ ಸಿಟ್ಟಿನಿಂದ.

ಉಲ್ಮರ್ ಹುಟ್ಟಿದ್ದು 1904ರ ಸೆಪ್ಟೆಂಬರ್ 17ರಂದು, ಆಗಿನ ಆಸ್ಟ್ರೋ-ಹಂಗೇರಿಯನ್ ಸಾಮ್ರಾಜ್ಯದ ಮೊರಾವಿಯಾ ಸೀಮೆಯ ಓಲೊಮೌಟ್ಸ್‌ನಲ್ಲಿ. ಇಂದು ಆ ಊರು ಚೆಕ್ ಗಣರಾಜ್ಯದಲ್ಲಿದೆ. ಆತ ಮಾತ್ರ ಜೀವನವಿಡೀ ತಾನು ವಿಯೆನ್ನಾದವನು ಅಂತಲೇ ಹೇಳಿಕೊಂಡ. ಬೆಳೆದದ್ದು ಅಲ್ಲೇ ಹೌದು. ಯಹೂದಿ ಕುಟುಂಬ. ಮೊದಲ ಮಹಾಯುದ್ಧದಲ್ಲಿ ಅಪ್ಪ ಸತ್ತ. ಯುದ್ಧ ಮುಗಿದಾಗ ವಿಯೆನ್ನಾದಲ್ಲಿ ಮಕ್ಕಳಿಗೆ ತಿನ್ನೋಕೆ ಇಲ್ಲದ ಸ್ಥಿತಿ. ಹಾಗಾಗಿ ಕೆಲಕಾಲ ಸ್ವೀಡನ್ನಿನ ಸಾಕುಮನೆಯೊಂದರಲ್ಲಿ ಇರಬೇಕಾಯಿತು. ವಾಪಸ್ ಬಂದವನು ರಂಗಭೂಮಿ ಸೇರಿದ, ಮ್ಯಾಕ್ಸ್ ರೈನ್‌ಹಾರ್ಟ್‌ನ ಬಳಗದಲ್ಲಿ ರಂಗಸಜ್ಜಿಕೆಯ ಕೆಲಸ ಕಲಿತ.

ಇಲ್ಲಿಂದ ಮುಂದೆ ಆತನ ಮಾತನ್ನು ನಂಬೋದು ಕಷ್ಟ. ಜರ್ಮನ್ ಮೂಕಿ ಯುಗದ ಹೆಚ್ಚುಕಡಿಮೆ ಎಲ್ಲ ದೊಡ್ಡ ಸಿನಿಮಾಗಳಲ್ಲೂ ತನ್ನ ಕೈ ಇದೆ ಅಂತ ಉಲ್ಮರ್ ಹೇಳುತ್ತಿದ್ದ. ಅದರಲ್ಲಿ 'ಡಾ. ಕ್ಯಾಲಿಗರಿ' ಕೂಡ ಇತ್ತು. ಅದು ತೆರೆಗೆ ಬಂದದ್ದು 1920ರ ಫೆಬ್ರವರಿಯಲ್ಲಿ, ಆಗ ಈತನಿಗೆ 15 ವರ್ಷ. ಲೆಕ್ಕ ನೀವೇ ಹಾಕಿ. ಆದರೆ ನನಗೆ ಈ ಬಡಾಯಿ ಕಂಡರೆ ಸಿಟ್ಟು ಬರಲ್ಲ. ಊರು, ಭಾಷೆ, ಅಪ್ಪ ಮೂರನ್ನೂ ಕಳೆದುಕೊಂಡು ವಲಸೆ ಹೋದವನ ಬಯೋಡೇಟಾದಲ್ಲಿ ಒಂದಿಷ್ಟು ಗಾಳಿ ತುಂಬಿರುತ್ತೆ. ಕೆಲಸ ಹುಡುಕಿಕೊಂಡು ಬೇರೆ ನಗರಕ್ಕೆ ಹೋದ ಯಾರಿಗಾದರೂ ಇದು ಗೊತ್ತು.

ಖಚಿತವಾದದ್ದು ಒಂದು: 1930ರ 'ಮೆನ್‌ಶೆನ್ ಆಮ್ ಸೋನ್‌ಟಾಗ್'. ಬರ್ಲಿನ್ನಿನ ಸಾಮಾನ್ಯ ದುಡಿಯುವ ಜನ ಒಂದು ಭಾನುವಾರ ಕೆರೆ ದಂಡೆಗೆ ಹೋಗಿ ಬರುವ ಕಥೆ. ನಟರಲ್ಲದವರೇ ನಟರು. ಅದರ ತಂಡದಲ್ಲಿದ್ದ ಹುಡುಗರನ್ನು ನೋಡಿ: ರಾಬರ್ಟ್ ಸಿಯೋಡ್ಮಾಕ್, ಬಿಲ್ಲಿ ವೈಲ್ಡರ್, ಫ್ರೆಡ್ ಝಿನ್ನೆಮನ್, ಉಲ್ಮರ್. ಎಲ್ಲರೂ ಮುಂದೆ ಹಾಲಿವುಡ್ಡಿಗೆ ಬಂದರು. ವೈಲ್ಡರ್ ಮತ್ತು ಝಿನ್ನೆಮನ್ ಆಸ್ಕರ್‌ಗಳನ್ನು ಮನೆಗೆ ಒಯ್ದರು, ಸಿಯೋಡ್ಮಾಕ್ ದೊಡ್ಡ ಸ್ಟುಡಿಯೋಗಳ ನಿರ್ದೇಶಕನಾದ. ಉಲ್ಮರ್ ಯಾಕೆ ಆಗಲಿಲ್ಲ?

ಆಗಬೇಕಿತ್ತು. 1934ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಈತನಿಗೆ 'ದಿ ಬ್ಲ್ಯಾಕ್ ಕ್ಯಾಟ್' ಕೊಟ್ಟಿತು. ಬೋರಿಸ್ ಕಾರ್ಲಾಫ್ ಮತ್ತು ಬೇಲಾ ಲುಗೋಸಿ ಮೊದಲ ಸಲ ಜೊತೆಯಾದ ಸಿನಿಮಾ. ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಸತ್ತ ಕೋಟೆಯ ಮೇಲೆ, ಆ ಸಾವಿಗೆ ಕಾರಣನಾದವನೇ ಗಾಜು-ಉಕ್ಕಿನ ಆಧುನಿಕ ಮನೆ ಕಟ್ಟಿಕೊಂಡಿರುತ್ತಾನೆ. ಭಯದ ಸಿನಿಮಾ ಅಂತ ಮಾರಿದರು, ನನಗದು ಇವತ್ತಿಗೂ ಯುದ್ಧವಿರೋಧಿ ಸಿನಿಮಾ. ಹಣವನ್ನೂ ಚೆನ್ನಾಗಿ ಮಾಡಿತು. ಮೂವತ್ತು ತುಂಬುವ ಮೊದಲೇ ಗೆದ್ದ ನಿರ್ದೇಶಕ.

ಆ ಹೊತ್ತಿಗೆ ಉಲ್ಮರ್ ಪ್ರೀತಿಯಲ್ಲಿ ಬಿದ್ದಿದ್ದ. ಹುಡುಗಿ ಶರ್ಲಿ ಕ್ಯಾಸ್ಲರ್. ಆಕೆಯ ಗಂಡ ಮ್ಯಾಕ್ಸ್ ಅಲೆಕ್ಸಾಂಡರ್, ಯೂನಿವರ್ಸಲ್ ಮಾಲೀಕ ಕಾರ್ಲ್ ಲೆಮ್ಲಿಯ ಸಂಬಂಧಿ, ಸೋದರಳಿಯ. ಶರ್ಲಿ ಅವನನ್ನು ಬಿಟ್ಟು 1935ರಲ್ಲಿ ಉಲ್ಮರ್‌ನನ್ನು ಮದುವೆಯಾದಳು. ಅಲ್ಲಿಗೆ ದೊಡ್ಡ ಸ್ಟುಡಿಯೋಗಳ ಬಾಗಿಲು ಮುಚ್ಚಿತು. ಲೆಮ್ಲಿಯ ಮಾತಿನಿಂದಲೇ ಎಲ್ಲರೂ ಈತನನ್ನು ದೂರ ಇಟ್ಟರು ಅನ್ನೋದು ಉಲ್ಮರ್ ಕುಟುಂಬ ಹೇಳಿಕೊಂಡು ಬಂದ ಕಥೆ. ಗೆದ್ದ ಸಿನಿಮಾದ ನಿರ್ದೇಶಕನಿಗೆ ನಂತರ ಹತ್ತಾರು ವರ್ಷ ದೊಡ್ಡ ಸ್ಟುಡಿಯೋ ಕೆಲಸ ಕೊಡಲಿಲ್ಲ ಅನ್ನೋದಂತೂ ದಾಖಲೆಯಲ್ಲೇ ಇದೆ. ಮಜಾ ಅಂದ್ರೆ, ಲೆಮ್ಲಿ ಕುಟುಂಬವೇ 1936ರಲ್ಲಿ ಯೂನಿವರ್ಸಲ್ ಕಳೆದುಕೊಂಡಿತು. ಬಹಿಷ್ಕಾರ ಮಾತ್ರ ಹಾಕಿದವನ ಅಧಿಕಾರಕ್ಕಿಂತ ಹೆಚ್ಚು ಕಾಲ ಬಾಳಿತು. ಬಹಿಷ್ಕಾರ ಅನ್ನೋ ಪದದ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗಂಡ-ಹೆಂಡತಿ ನ್ಯೂಯಾರ್ಕಿಗೆ ಹೋದರು. ನನಗೆ ಉಲ್ಮರ್ ಬದುಕಿನ ಅತ್ಯಂತ ಇಷ್ಟದ ಭಾಗ ಇದು, ಡಬ್ಬಿಗಳ ಹಿಂಬದಿಯಲ್ಲಿ ಒಂದು ಸಾಲೂ ಇರದ ಭಾಗ. ಹಾಲಿವುಡ್ ಬೇಡ ಅಂದವನಿಗೆ ಕೆಲಸ ಕೊಟ್ಟವರು ಯಾರು? ಹಾಲಿವುಡ್ಡಿಗೆ ಬೇಡವಾಗಿದ್ದ ಜನ. ಯಿಡ್ಡಿಷ್ ಮಾತಾಡುವ ವಲಸಿಗ ಯಹೂದಿಗಳಿಗಾಗಿ 1937ರಿಂದ 1940ರೊಳಗೆ ನಾಲ್ಕು ಸಿನಿಮಾ ಮಾಡಿದ. ಮೊದಲನೆಯದು 'ಗ್ರೀನೆ ಫೆಲ್ಡರ್'. 1939ರ 'ದಿ ಲೈಟ್ ಅಹೆಡ್' ಅಂತೂ ಕುಂಟ ಹುಡುಗ ಮತ್ತು ಕುರುಡಿ ಹುಡುಗಿಯ ಪ್ರೇಮಕಥೆ. ಊರಿಗೆ ಕಾಲರಾ ಬರುತ್ತೆ, ಊರ ದೊಡ್ಡವರು ನೈರ್ಮಲ್ಯಕ್ಕೆ ದುಡ್ಡು ಬಿಚ್ಚಲು ತಯಾರಿಲ್ಲ. ಉಕ್ರೇನಿಯನ್ ವಲಸಿಗರಿಗಾಗಿ 'ನತಾಲ್ಕಾ ಪೊಲ್ತಾವ್ಕಾ', 'ಕೊಸಾಕ್ಸ್ ಇನ್ ಎಕ್ಸೈಲ್' ಎಂಬ ಎರಡು ಸಂಗೀತ ಚಿತ್ರ. ಕಪ್ಪು ನಟರನ್ನೇ ಇಟ್ಟುಕೊಂಡು 'ಮೂನ್ ಓವರ್ ಹಾರ್ಲೆಮ್' (1939). ಇದು ಅಪ್ಪಟ ಅಗ್ಗದ ಕ್ರೈಮ್ ಸಿನಿಮಾ, ಬಡಾವಣೆಯ ಅಂಗಡಿಗಳಿಂದ ಹಫ್ತಾ ವಸೂಲಿ ಮಾಡುವ ಗ್ಯಾಂಗ್‌ನ ಕಥೆ.

ಇದರ ಜೊತೆಗೆ ಕ್ಷಯರೋಗದ ಬಗ್ಗೆ ಜಾಗೃತಿ ಮೂಡಿಸುವ ಕಿರುಚಿತ್ರಗಳು. 'ಲೆಟ್ ಮೈ ಪೀಪಲ್ ಲಿವ್' ಕಪ್ಪು ಜನರಿಗಾಗಿ, 'ಕ್ಲೌಡ್ ಇನ್ ದಿ ಸ್ಕೈ' ಮೆಕ್ಸಿಕನ್ ಮೂಲದವರಿಗಾಗಿ, 'ಅನದರ್ ಟು ಕಾಂಕರ್' ನವಾಹೊ ಮೂಲನಿವಾಸಿಗಳಿಗಾಗಿ. ಒಬ್ಬ ಮನುಷ್ಯ ಐದಾರು ವರ್ಷದಲ್ಲಿ ಅಮೆರಿಕದ ಅಂಚಿನಲ್ಲಿದ್ದ ಇಷ್ಟೊಂದು ಸಮುದಾಯಗಳ ಜೊತೆ ಕೆಲಸ ಮಾಡಿದ. ಪ್ರತಿಯೊಂದು ಭಾಷೆಯೂ ಆತನಿಗೆ ಬರುತ್ತಿತ್ತು ಅಂತಲ್ಲ. ಸೆಟ್ಟಿನಲ್ಲಿ ಭಾಷೆ ಬರುವವರನ್ನು ಪಕ್ಕದಲ್ಲಿ ಇಟ್ಟುಕೊಂಡು, ಇದ್ದ ಬಜೆಟ್ಟಿನಲ್ಲಿ ಮುಗಿಸಿ ಕೊಡುವ ಕಲೆ ಬರುತ್ತಿತ್ತು.

ಆ ಕಲೆಯನ್ನೇ ಖರೀದಿಸಿದ್ದು ಪಿಆರ್‌ಸಿ, ಅಂದರೆ ಪ್ರೊಡ್ಯೂಸರ್ಸ್ ರಿಲೀಸಿಂಗ್ ಕಾರ್ಪೊರೇಷನ್. ಹಾಲಿವುಡ್ಡಿನಲ್ಲಿ ಇಂಥ ಸಣ್ಣ ಕಂಪನಿಗಳ ಕೇರಿಗೆ ಪಾವರ್ಟಿ ರೋ ಅಂತಲೇ ಹೆಸರಿತ್ತು. ಪಿಆರ್‌ಸಿ ಆ ಕೇರಿಯಲ್ಲೂ ಕೊನೆಯ ಮನೆ. 1942ರಿಂದ 46ರವರೆಗೆ ಉಲ್ಮರ್ ಅಲ್ಲಿ ಒಂದರ ಹಿಂದೆ ಒಂದು ಸಿನಿಮಾ ತೆಗೆದ. ಕಲೆಹಾಕುವವರು ಜೀವ ಬಿಡುವ ಹೆಸರುಗಳೆಲ್ಲ ಇಲ್ಲೇ ಇವೆ: ಹೆಣ್ಣುಮಕ್ಕಳ ಸುಧಾರಣಾ ಶಾಲೆಯ ಕಥೆ 'ಗರ್ಲ್ಸ್ ಇನ್ ಚೈನ್ಸ್', ಜಾನ್ ಕ್ಯಾರಡೀನ್ ಪ್ಯಾರಿಸ್ಸಿನ ಕೊಲೆಗಾರನಾಗಿ ಬರುವ 'ಬ್ಲೂಬಿಯರ್ಡ್', ಹ್ಯಾಮ್ಲೆಟ್ ನಾಟಕವನ್ನು ಅಮೆರಿಕನ್ ಕಾಲೇಜು ಹುಡುಗನ ಪತ್ತೇದಾರಿ ಕಥೆ ಮಾಡಿದ 'ಸ್ಟ್ರೇಂಜ್ ಇಲ್ಯೂಷನ್'. ಶರ್ಲಿ ಸ್ಕ್ರಿಪ್ಟ್ ಸೂಪರ್‌ವೈಸರ್. ಮುಂದೆ ಆಕೆ ಆ ಕೆಲಸದ ಬಗ್ಗೆಯೇ ಒಂದು ಪುಸ್ತಕ ಬರೆದಳು. ಗಂಡನ ಸಿನಿಮಾಗಳಲ್ಲಿ ದೃಶ್ಯಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಿದ್ದರೆ ಅದರ ಅರ್ಧ ಶ್ರೇಯ ಆಕೆಗೆ ಸಲ್ಲಬೇಕು. ಡಬ್ಬಿಗಳ ಮೇಲೆ ಆಕೆಯ ಹೆಸರು ಹುಡುಕಿ, ಸಿಗಲ್ಲ.

ಇನ್ನು 'ಡೀಟೂರ್'. ಮಾರ್ಟಿನ್ ಗೋಲ್ಡ್‌ಸ್ಮಿತ್ 1939ರಲ್ಲಿ ಬರೆದ ಕಾದಂಬರಿ, ಚಿತ್ರಕಥೆಯೂ ಅವನದ್ದೇ. ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಪಿಯಾನೋ ನುಡಿಸುವ ಆಲ್, ಲಾಸ್ ಏಂಜಲೀಸ್‌ನಲ್ಲಿರುವ ಪ್ರೇಯಸಿಯ ಬಳಿ ಹೋಗಲು ಹೊರಡುತ್ತಾನೆ. ರೈಲಿಗೆ ದುಡ್ಡಿಲ್ಲ, ಸಿಕ್ಕ ಗಾಡಿಗೆ ಕೈ ಅಡ್ಡ ಹಾಕುತ್ತಾ ಸಾಗುತ್ತಾನೆ. ಕಾರು ನಿಲ್ಲಿಸಿದವನು ದಾರಿಯಲ್ಲೇ ಸಾಯುತ್ತಾನೆ. ಪೊಲೀಸರು ತನ್ನನ್ನು ನಂಬುವುದಿಲ್ಲ ಅಂತ ಆಲ್ ಸತ್ತವನ ಹೆಸರು, ಬಟ್ಟೆ, ಕಾರು ಎಲ್ಲ ತೆಗೆದುಕೊಳ್ಳುತ್ತಾನೆ. ಆಮೇಲೆ ವೀರಾ ಎಂಬ ಹೆಣ್ಣು ಕಾರು ಹತ್ತುತ್ತಾಳೆ. ಸತ್ತವನನ್ನು ಆಕೆ ಬಲ್ಲಳು. ಆ್ಯನ್ ಸ್ಯಾವೇಜ್ ಮಾಡಿರುವ ಆ ವೀರಾಳಷ್ಟು ಕಹಿಯಾದ ಪಾತ್ರ ಆ ಕಾಲದ ಅಮೆರಿಕನ್ ಸಿನಿಮಾದಲ್ಲಿ ನಾನು ಇನ್ನೊಂದು ನೋಡಿಲ್ಲ. ಬಡವನ ಮಾತನ್ನು ಪೊಲೀಸರು ನಂಬಲ್ಲ ಅನ್ನೋ ಒಂದೇ ಊಹೆಯ ಮೇಲೆ ಇಡೀ ಕಥೆ ನಿಂತಿದೆ.

ದುಡ್ಡಿಲ್ಲದ್ದು ಪರದೆ ಮೇಲೆ ಕಾಣುತ್ತೆ. ನ್ಯೂಯಾರ್ಕಿನ ರಸ್ತೆ ಬೇಕಾದಾಗ ಸೆಟ್ ಇಲ್ಲ, ದಟ್ಟ ಮಂಜು ಬಿಟ್ಟು ಬೀದಿಯ ಹೆಸರಿನ ಫಲಕ ತೋರಿಸಿದರು. ಕಾರಿನ ದೃಶ್ಯವೆಲ್ಲ ಸ್ಟುಡಿಯೋದಲ್ಲಿ, ಹಿಂದೆ ರಸ್ತೆಯ ಚಿತ್ರ ಓಡುತ್ತಿರುತ್ತೆ. ಇನ್ನೊಂದು ತಮಾಷೆ ಇದೆ. ಆಲ್ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ಪರದೆಯಲ್ಲಿ ಬಲದಿಂದ ಎಡಕ್ಕೆ ಹೋಗಬೇಕು. ಕೆಲವು ಶಾಟ್‌ಗಳು ಉಲ್ಟಾ ದಿಕ್ಕಿನಲ್ಲಿದ್ದವು, ಮರುಚಿತ್ರೀಕರಣದ ಬದಲು ನೆಗೆಟಿವ್ ಮಗುಚಿ ಹಾಕಿದರು. ಹಾಗಾಗಿ ಅಮೆರಿಕದ ಹೆದ್ದಾರಿಯಲ್ಲಿ ಕಾರುಗಳು ಎಡಗಡೆ ಓಡುತ್ತವೆ, ಸ್ಟಿಯರಿಂಗ್ ಬಲಗಡೆ ಇದೆ. ಅಮೆರಿಕನ್ನರಿಗೆ ಇದು ಪ್ರಖ್ಯಾತ ಎಡವಟ್ಟು. ನಾವು ಬೆಂಗಳೂರಿನವರು ನೋಡಿದರೆ ಗೊತ್ತೇ ಆಗಲ್ಲ, ಎಲ್ಲ ಸರಿಯಾಗಿಯೇ ಇದೆ!

ಆದರೆ ಆರು ದಿನ? ಆ ಕಥೆ ಹರಡಿದ್ದೇ ಉಲ್ಮರ್‌ನಿಂದ. 1970ರಲ್ಲಿ, ಪಾರ್ಶ್ವವಾಯು ಹೊಡೆದು ಮಲಗಿದ್ದ ಉಲ್ಮರ್‌ನನ್ನು ಪೀಟರ್ ಬೊಗ್ಡನೋವಿಚ್ ದೀರ್ಘವಾಗಿ ಸಂದರ್ಶಿಸಿದ. ಆತ ಹೇಳಿದ್ದನ್ನು ಮುಂದಿನವರು ಪರಿಶೀಲಿಸದೆ ನಕಲು ಮಾಡಿದರು. ದಶಕಗಳ ನಂತರ ಜೀವನಚರಿತ್ರೆಕಾರ ನೋವಾ ಐಸೆನ್‌ಬರ್ಗ್ ಕಂಪನಿಯ ಲೆಕ್ಕಪತ್ರ ಹುಡುಕಿ ನೋಡಿದಾಗ ಸಿಕ್ಕ ಅಂಕಿ ಬೇರೆ: ಖರ್ಚಾದದ್ದು ಒಂದು ಲಕ್ಷ ಡಾಲರಿಗಿಂತ ಹೆಚ್ಚು, ಅಂದರೆ ದಂತಕಥೆಯ ಐದು ಪಟ್ಟಿಗೂ ಮಿಗಿಲು. ಶೂಟಿಂಗ್ ದಿನಗಳೂ ಆರಕ್ಕಿಂತ ಬಹಳ ಹೆಚ್ಚು. ಆಗಲೂ ಅದು ಅಗ್ಗದ ಸಿನಿಮಾವೇ. ಆದರೆ ಪವಾಡ ಅಲ್ಲ. ಛಾಯಾಗ್ರಾಹಕ, ಲೈಟ್‌ಬಾಯ್, ಎಡಿಟರ್, ಶರ್ಲಿಯಂಥವರು ವಾರಗಟ್ಟಲೆ ದುಡಿದು ಮಾಡಿದ ಕೆಲಸ.

ನನ್ನ ತಕರಾರು ಮುದುಕನ ಬಡಾಯಿಯ ಮೇಲಲ್ಲ. ಕೆಲಸ ಕೊಡದ ಊರಿನಲ್ಲಿ ತನಗೆ ಉಳಿದ ಒಂದೇ ಆಸ್ತಿಯನ್ನು ಆತ ದೊಡ್ಡದು ಮಾಡಿ ಹೇಳಿಕೊಂಡ, ಅಷ್ಟೆ. ತಕರಾರು ಇರುವುದು ಅದನ್ನು ಮಾರುವವರ ಮೇಲೆ, ಖುಷಿಯಿಂದ ಕೊಳ್ಳುವ ನಮ್ಮಂಥ ಸಂಗ್ರಾಹಕರ ಮೇಲೆ. ಆರು ದಿನದಲ್ಲಿ ಆಗುತ್ತೆ ಅಂದರೆ ಮುಂದಿನವನಿಗೆ ಐದು ದಿನದ ಸಂಬಳ ಸಾಕು. ಇಪ್ಪತ್ತು ಸಾವಿರದಲ್ಲಿ ಕಲೆ ಅರಳುತ್ತೆ ಅಂದರೆ, ಬಾಗಿಲು ಮುಚ್ಚಿದ ಸ್ಟುಡಿಯೋ ಪರೋಕ್ಷವಾಗಿ ಉಪಕಾರವನ್ನೇ ಮಾಡಿದ ಹಾಗಾಯಿತು! ಇದೇ ತರ್ಕವನ್ನು ನಾನು ಐಟಿ ಕಂಪನಿಯ ಮೀಟಿಂಗ್‌ಗಳಲ್ಲಿ ಕೇಳಿದ್ದೇನೆ, ಸುದ್ದಿಮನೆಯಲ್ಲಿಯೂ ಕೇಳಿದ್ದೇನೆ. ಸಂಪನ್ಮೂಲ ಕಿತ್ತುಕೊಂಡು ಜುಗಾಡ್ ಅಂತ ಚಪ್ಪಾಳೆ ತಟ್ಟೋದು.

ದುಡ್ಡು ಸಿಕ್ಕಾಗ ಉಲ್ಮರ್ ಏನು ಮಾಡಬಲ್ಲ ಅನ್ನೋದಕ್ಕೂ ಸಾಕ್ಷಿ ಇದೆ. 1946ರಲ್ಲಿ ಹೆಡಿ ಲಮಾರ್ ತನ್ನ 'ದಿ ಸ್ಟ್ರೇಂಜ್ ವುಮನ್' ಚಿತ್ರಕ್ಕೆ ಈತನೇ ಬೇಕು ಅಂದಳು, ಪಿಆರ್‌ಸಿ ಈತನನ್ನು ಬಾಡಿಗೆಗೆ ಕೊಟ್ಟಿತು. 1948ರ 'ರೂತ್‌ಲೆಸ್' ಇನ್ನೂ ಒಳ್ಳೆಯದು. ಸಿಕ್ಕವರನ್ನೆಲ್ಲ ಮೆಟ್ಟಿಲು ಮಾಡಿಕೊಂಡು ಏರುವ ಬಂಡವಾಳಗಾರನ ಕಥೆ. ಅದರ ಬರವಣಿಗೆಗೆ ಕೈಜೋಡಿಸಿದ್ದ ಆಲ್ವಾ ಬೆಸ್ಸಿ, ಕಮ್ಯುನಿಸ್ಟರೆಂದು ಜೈಲಿಗೆ ಹೋದ ಹಾಲಿವುಡ್ ಟೆನ್ ಪೈಕಿ ಒಬ್ಬ. ಪರದೆ ಮೇಲೆ ಅವನ ಹೆಸರಿಲ್ಲ.

ಐವತ್ತರ ದಶಕ ಬೇಗ ಹೇಳಿ ಮುಗಿಸಬಹುದು. ಟಿವಿ ಬಂತು, ಎರಡನೇ ದರ್ಜೆಯ ಸಿನಿಮಾಗಳ ಮಾರುಕಟ್ಟೆ ಕುಸಿಯಿತು. 'ಮರ್ಡರ್ ಈಸ್ ಮೈ ಬೀಟ್', ಬಾಹ್ಯಾಕಾಶದ ಕಥೆಗಳು, ಟೆಕ್ಸಾಸ್‌ನಲ್ಲಿ ಬೆನ್ನಿಗೆ ಬೆನ್ನು ತೆಗೆದ ಎರಡು ವಿಜ್ಞಾನ ಚಿತ್ರ. 1955ರ 'ದಿ ನೇಕೆಡ್ ಡಾನ್' ಪ್ಯಾರಿಸ್ಸಿನಲ್ಲಿ ತ್ರುಫೋ ಎಂಬ ಯುವ ವಿಮರ್ಶಕನ ಕಣ್ಣಿಗೆ ಬಿತ್ತು. ಫ್ರೆಂಚರು ಮೆಚ್ಚಿ ಬರೆದರು. ಆದರೆ ಅದರಿಂದ ಆತನಿಗೆ ಹಾಲಿವುಡ್ಡಿನಲ್ಲಿ ದೊಡ್ಡ ಕೆಲಸವೇನೂ ಸಿಗಲಿಲ್ಲ. ಕೊನೆಯ ಸಿನಿಮಾ 1964ರ 'ದಿ ಕ್ಯಾವರ್ನ್'. 1972ರ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾದ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಉಲ್ಮರ್ ತೀರಿಕೊಂಡ. 'ಡೀಟೂರ್' ನಾಯಕ ಟಾಮ್ ನೀಲ್ ಅದೇ ವರ್ಷದ ಆಗಸ್ಟ್‌ನಲ್ಲಿ ಸತ್ತಿದ್ದ, ಹೆಂಡತಿಯ ಸಾವಿನ ಪ್ರಕರಣದಲ್ಲಿ ಜೈಲು ಕಂಡು ಬಂದ ಮೇಲೆ. ಆ ಹೆಣ್ಣುಮಗಳ ಸಾವನ್ನೂ ಡಿಸ್ಕ್ ಮಾರುವ ರೋಚಕ ಮಾಹಿತಿಯಾಗಿ ಬಳಸುವವರಿದ್ದಾರೆ.

ಆಮೇಲಿನದ್ದು ಸಿನಿಮಾದ ಬದುಕು. ಆಗಿನ ಅಮೆರಿಕನ್ ಕಾನೂನಿನ ಪ್ರಕಾರ ಕಾಪಿರೈಟ್ 28 ವರ್ಷ, ನವೀಕರಿಸಿದರಷ್ಟೇ ಮುಂದೆ. ಪಿಆರ್‌ಸಿ 1947ರಲ್ಲೇ ಈಗಲ್-ಲಯನ್ ಎಂಬ ಕಂಪನಿಯಲ್ಲಿ ಕರಗಿ ಹೋಗಿತ್ತು. 1973ರಲ್ಲಿ 'ಡೀಟೂರ್' ಹಕ್ಕು ನವೀಕರಿಸಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಿನಿಮಾ ಯಾರದ್ದೂ ಅಲ್ಲದ್ದಾಯಿತು, ಅಂದರೆ ಎಲ್ಲರದ್ದೂ. ವಿಸಿಆರ್ ಬಂದ ಕೂಡಲೇ ಕೈಗೆ ಸಿಕ್ಕ ಸವೆದ 16 ಎಂಎಂ ಪ್ರಿಂಟ್ ಇಟ್ಟುಕೊಂಡವರೆಲ್ಲ ಕ್ಯಾಸೆಟ್ ಮಾಡಿ ಮಾರಿದರು. ಟೇಪು ಉಳಿಸೋಕೆ ನಿಧಾನ ವೇಗದಲ್ಲಿ ರೆಕಾರ್ಡಿಂಗ್, ಕಾಪಿಯ ಕಾಪಿಯ ಕಾಪಿ. ಅನಲಾಗ್ ಸಿಗ್ನಲ್‌ನಲ್ಲಿ ಪ್ರತಿ ತಲೆಮಾರಿಗೂ ಗದ್ದಲ ಕೂಡುತ್ತೆ, ಕಳೆಯಲ್ಲ. ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನಲ್ಲಿ ಬ್ಲ್ಯಾಕ್‌ಬೋರ್ಡ್ ಮೇಲೆ ಓದಿದ್ದನ್ನು ನಾನು ನಿಜವಾಗಿ ಕಣ್ಣಾರೆ ಕಂಡದ್ದು ಈ ಕ್ಯಾಸೆಟ್‌ಗಳಲ್ಲಿ.

ಡಿವಿಡಿ ಬಂದ ಮೇಲೆ ಸರಿಯಾಯಿತಾ? ಇಲ್ಲ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ. ಅದಕ್ಕೆ ನಾಲ್ಕು ಸಿನಿಮಾ ತುರುಕಿದರೆ ತಲಾ 1.1 ಜಿಬಿ ಬರುತ್ತೆ, 68 ನಿಮಿಷಕ್ಕೆ ಸೆಕೆಂಡಿಗೆ ಸುಮಾರು 2 ಮೆಗಾಬಿಟ್. ಡಿವಿಡಿಯಲ್ಲಿ ವಿಡಿಯೋಗೆ ಇರುವ ಮಿತಿ 9.8. ಗೀಚು, ಧೂಳು, ಗದ್ದಲವೇ ಆ ಬಿಟ್‌ಗಳನ್ನೆಲ್ಲ ತಿಂದು ಮುಖಗಳಿಗೆ ಏನೂ ಉಳಿಯಲ್ಲ. ನನ್ನ ನಾಲ್ಕು ಡಿವಿಡಿಗಳಲ್ಲಿ ಮೂರು ಈ ಜಾತಿಯವು. ಹೀಗಿದ್ದೂ ಈ ಕಳಪೆ ಕಾಪಿಗಳಿಂದಲೇ, ತಡರಾತ್ರಿಯ ಟಿವಿಯಿಂದಲೇ ಜನ 'ಡೀಟೂರ್' ನೋಡಿದರು, ಬರೆದರು, ವಾದ ಮಾಡಿದರು. 1992ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ ಈ ಅಗ್ಗದ ಸಿನಿಮಾ ಸೇರಿತು. ಮಾಲೀಕ ಇದ್ದಿದ್ದರೆ ಬಹುಶಃ ಗೋದಾಮಿನಲ್ಲೇ ಕೊಳೆಯುತ್ತಿತ್ತು.

ಹಾಗಂತ ಮಾಲೀಕ ಇಲ್ಲದಿದ್ದರೆ ಸಾಕು ಅಂತಲೂ ಅಲ್ಲ. ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ಬಂದದ್ದು 1934ರಲ್ಲಿ, 'ದಿ ಬ್ಲ್ಯಾಕ್ ಕ್ಯಾಟ್' ಬಂದ ವರ್ಷವೇ. ನಮ್ಮಲ್ಲಿ ಸಿನಿಮಾದ ಕಾಪಿರೈಟ್ 60 ವರ್ಷ, ಅದೂ ಎಂದೋ ಮುಗಿದಿದೆ. ಯಾರು ಬೇಕಾದರೂ ಅದನ್ನು ಡಿಸ್ಕ್ ಮಾಡಿ ಹಂಚಬಹುದು, ಕಾನೂನಿನ ಅಡ್ಡಿ ಇಲ್ಲ. ಪ್ರಿಂಟೇ ಇಲ್ಲ. ದೊರೆ-ಭಗವಾನ್ ಅವರ 'ಜೇಡರ ಬಲೆ', ರಾಜ್‌ಕುಮಾರ್ ಸಿಐಡಿ 999 ಆಗಿ ಬಂದ ನಮ್ಮ ಬಾಂಡ್ ಸಿನಿಮಾ, 1968ರದ್ದು. 2029ಕ್ಕೆ ಅದು ಎಲ್ಲರದ್ದಾಗುತ್ತೆ. ಆ ಹೊತ್ತಿಗೆ ಒಳ್ಳೆಯ ನೆಗೆಟಿವ್ ಎಲ್ಲಿರುತ್ತೆ, ಯಾರು ಸ್ಕ್ಯಾನ್ ಮಾಡುತ್ತಾರೆ ಅಂತ ನಮ್ಮ ಬಜೆಟ್ ಚರ್ಚೆಗಳಲ್ಲಿ ಯಾರಾದರೂ ಕೇಳಿದ್ದು ನಾನಂತೂ ನೋಡಿಲ್ಲ.

'ಡೀಟೂರ್' ವಿಷಯದಲ್ಲಿ ಕೇಳುವವರಿದ್ದರು. ಉಲ್ಮರ್ ಮಗಳು ಆರಿಯಾನ್ ಅಪ್ಪನ ಸಿನಿಮಾಗಳ ಪ್ರಿಂಟ್ ಹುಡುಕಿ ಉಳಿಸುವುದಕ್ಕೆ ವರ್ಷಗಟ್ಟಲೆ ಓಡಾಡಿದರು. 2018ರಲ್ಲಿ ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಸಿನಿಮಾವನ್ನು ಪುನರುಜ್ಜೀವನಗೊಳಿಸಿದವು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಒಂದು ನಕಲು ನೆಗೆಟಿವ್ ಇತ್ತು, ಅಲ್ಲಲ್ಲಿ ಫ್ರೇಮುಗಳು ಹಾರಿದ್ದವು. ಬ್ರಸೆಲ್ಸ್‌ನ ಸಿನೆಮಾತೆಕ್‌ನಲ್ಲಿ ಇನ್ನೂ ಚೆನ್ನಾದ ಪ್ರಿಂಟ್ ಸಿಕ್ಕಿತು, ಆದರೆ ಬೆಲ್ಜಿಯಂ ಪ್ರೇಕ್ಷಕರಿಗಾಗಿ ಅದರ ಮೇಲೇ ಫ್ರೆಂಚ್ ಮತ್ತು ಫ್ಲೆಮಿಶ್ ಸಬ್‌ಟೈಟಲ್ ಅಚ್ಚಾಗಿದ್ದವು. ಅವನ್ನು ಒಂದೊಂದೇ ಫ್ರೇಮಿನಿಂದ ಡಿಜಿಟಲ್ ಆಗಿ ಅಳಿಸಬೇಕಾಯಿತು. ಸೆಕೆಂಡಿಗೆ 24 ಫ್ರೇಮ್. ಈ ಒಂದು ಕೆಲಸವೇ ಆರು ದಿನಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

2019ರಲ್ಲಿ ಅದು ಬ್ಲೂ-ರೇ ಆಗಿ ಬಂತು. ನನ್ನ ಏಳನೇ ಪ್ರತಿ ಅದೇ. ಟಾರಿನಂತಿದ್ದ ರಾತ್ರಿಯಲ್ಲಿ ಈಗ ಹೋಟೆಲಿನ ಗೋಡೆ ಕಾಣುತ್ತೆ, ಆಲ್‌ನ ಕೆನ್ನೆ ಮೇಲೆ ಮೂರು ದಿನದ ಗಡ್ಡ ಕಾಣುತ್ತೆ, ಕಾರಿನಲ್ಲಿ ವೀರಾ ತಿರುಗಿ ನೋಡುವಾಗ ಆಕೆಯ ಕಣ್ಣು ಕಾಣುತ್ತೆ. ಆ್ಯನ್ ಸ್ಯಾವೇಜ್ 2008ರವರೆಗೂ ಬದುಕಿದ್ದಳು. ಎಂಬತ್ತು ದಾಟಿದ ಮೇಲೂ ಆಕೆಯನ್ನು ಹುಡುಕಿಕೊಂಡು ಬಂದು ಸಿನಿಮಾದಲ್ಲಿ ಹಾಕಿಕೊಂಡವರಿದ್ದರು, ಅವರೂ 'ಡೀಟೂರ್' ನೋಡಿ ಬಂದವರೇ. ಈ ಹೊಸ ಪ್ರತಿ ಆಕೆ ನೋಡಲಿಲ್ಲ.